ಒಂದೇ ವರ್ಲ್ಡ್, ವರ್ಷಗಟ್ಟಲೆ ಆಟ: ಮೈನ್‌ಕ್ರಾಫ್ಟ್ ಸರ್ವೈವಲ್ – ನನ್ನ ಅನುಭವ

ಮೈನ್‌ಕ್ರಾಫ್ಟ್ ಎನ್ನುವ, ಬ್ಲಾಕ್‌ಗಳನ್ನು ಅಗೆದು ಕಟ್ಟುವ ವಿಡಿಯೋ ಆಟದಲ್ಲಿ ಹೊಸ ವರ್ಲ್ಡ್ ಶುರು ಮಾಡುವವರು ಬಹಳ, ಅದೇ ವರ್ಲ್ಡನ್ನು ಎರಡು ವರ್ಷ ಆಡುವವರು ಕಡಿಮೆ. ಮೊದಲ ರಾತ್ರಿ ಭಯ, ಮರುದಿನ ಕಬ್ಬಿಣ, ನಾಲ್ಕಾರು ದಿನಕ್ಕೆ ವಜ್ರ, ಎರಡು ವಾರಕ್ಕೆ ಮೈತುಂಬ ವಜ್ರದ ಕವಚ. ಅಲ್ಲಿಗೆ ಕೈಗೆ ಕೆಲಸವಿಲ್ಲ. ವರ್ಲ್ಡ್ ಅಳಿಸಿ ಇನ್ನೊಂದು ತೆರೆಯುತ್ತಾರೆ, ಅದೇ ಎರಡು ವಾರ ಮತ್ತೆ ಆಡುತ್ತಾರೆ.

2009ರ ಮೇ ತಿಂಗಳಲ್ಲಿ ಮಾರ್ಕಸ್ ಪರ್ಸನ್ ಈ ಆಟವನ್ನು ಮೊದಲು ಜನರ ಮುಂದಿಟ್ಟಾಗ ಅದರಲ್ಲಿ ಗುರಿ ಎನ್ನುವುದೇ ಇರಲಿಲ್ಲ. 2011ರ ನವೆಂಬರ್ 18ರ ಪೂರ್ಣ ಆವೃತ್ತಿಯ ಹೊತ್ತಿಗೆ ಎಂಡರ್ ಡ್ರ್ಯಾಗನ್ ಬಂತು. ಅದನ್ನು ಕೊಂದರೆ ಕೊನೆಯ ಸಾಲುಗಳು ಪರದೆಯ ಮೇಲೆ ಹಾದುಹೋಗುತ್ತವೆ. ಆದರೆ ಅವು ಮುಗಿದ ಮೇಲೆ ನೀವು ಮತ್ತೆ ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇರುತ್ತೀರಿ. ಅರ್ಧ ಕಟ್ಟಿದ ಗೋಡೆ ಅರ್ಧಕ್ಕೇ ನಿಂತಿರುತ್ತದೆ. ಇಂಥ ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು 2023ರಲ್ಲಿ ಅದನ್ನು ತಯಾರಿಸುವ ಕಂಪನಿ ಪ್ರಕಟಿಸಿತು. ನನ್ನ ಮಟ್ಟಿಗೆ ಅದರ ಸೆಳೆತ ಇರುವುದು ಆ ಗೋಡೆಯಲ್ಲಿ. ಒಂದು ಜಾಗದಲ್ಲಿ ನೆಲೆ ನಿಂತು, ಹಿಂದಿನ ಕೆಲಸದ ತೊಡಕಿನಿಂದಲೇ ಮುಂದಿನ ಕೆಲಸ ಹುಟ್ಟುವ ಹಾಗೆ ಆಡಿದರೆ ವರ್ಲ್ಡ್ ಉಳಿಯುತ್ತದೆ. ನಾನು ಅದನ್ನು ಹೇಗೆ ಮಾಡುತ್ತೇನೆ ಎನ್ನುವುದನ್ನು ಅಳತೆ ಸಮೇತ ಬರೆದಿದ್ದೇನೆ. ಇಲ್ಲಿನ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿ 1.18 ಮತ್ತು ಅದರ ನಂತರದ್ದಕ್ಕೆ.

ಜಾಗದ ಆಯ್ಕೆಯಿಂದಲೇ ಶುರುವಾಗಬೇಕು. ಬೆಟ್ಟದ ತುದಿಯ ನೋಟ ಚೆನ್ನ, ಬದುಕು ಕಷ್ಟ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಬಯಲು, ಕೂಗಳತೆಯಲ್ಲಿ ಮರಗಳು ಇರುವ ಜಾಗವನ್ನು ಹುಡುಕುತ್ತೇನೆ. ಸಮುದ್ರ ಯಾಕೆ ಬೇಕು ಎನ್ನುವುದು ಮಾಬ್ (ಕತ್ತಲಲ್ಲಿ ಹುಟ್ಟುವ ಶತ್ರು ಜೀವಿ) ಗೋಪುರದ ಮಾತು ಬಂದಾಗ ತಿಳಿಯುತ್ತದೆ. ಪೈರು ಬೆಳೆಯುವುದು ಆಟಗಾರ ಹತ್ತಿರ ಇದ್ದಾಗ ಮಾತ್ರ; ದೂರ ಹೋದರೆ ಗದ್ದೆ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಮನೆ, ಗದ್ದೆ, ಕಬ್ಬು, ಗೋಪುರ ಎಲ್ಲವೂ ನೆಲದ ಅಳತೆಯಲ್ಲಿ (ಎತ್ತರ ಲೆಕ್ಕಕ್ಕಿಲ್ಲ) ಒಂದರಿಂದ ಒಂದು 100 ಬ್ಲಾಕ್ ಒಳಗೆ ಬರುವಂತೆ ಮೊದಲೇ ಗೆರೆ ಹಾಕಿಕೊಳ್ಳುತ್ತೇನೆ.

ಆಟದ ಒಂದು ದಿನಕ್ಕೆ 20 ನಿಮಿಷ. ಹಗಲು 10, ರಾತ್ರಿ 7, ನಡುವಿನ ಎರಡು ಸಂಧ್ಯೆಗಳು ತಲಾ ಒಂದೂವರೆ ನಿಮಿಷ. ಮೊದಲ ಹಗಲಿಗೆ 13 ದಿಮ್ಮಿ ಬೇಕು. ಒಂದು ದಿಮ್ಮಿಗೆ 4 ಹಲಗೆ. ಕ್ರಾಫ್ಟಿಂಗ್ ಟೇಬಲ್‌ಗೆ 4 ಹಲಗೆ, ಮರದ ಪಿಕಾಸಿಗೆ 3, ಎಲ್ಲ ಹತ್ಯಾರಗಳ ಕಡ್ಡಿಗೆ 4, ಹಾಸಿಗೆಗೆ 3, ಬಾಗಿಲಿಗೆ 6, ಪೆಟ್ಟಿಗೆಗೆ 8. ಒಟ್ಟು 28 ಹಲಗೆ, ಅಂದರೆ 7 ದಿಮ್ಮಿ. ಉಳಿದ ಆರರಲ್ಲಿ ನಾಲ್ಕನ್ನು ಫರ್ನೇಸ್‌ನಲ್ಲಿ ಸುಟ್ಟು ಇದ್ದಿಲು ಮಾಡಿಕೊಳ್ಳುತ್ತೇನೆ. ಎರಡರ ಹಲಗೆ ಉರುವಲಿಗೂ ಟಾರ್ಚ್‌ನ (ಪಂಜಿನ) ಕಡ್ಡಿಗೂ ಹೋಗುತ್ತದೆ. 4 ಇದ್ದಿಲಿಗೆ 16 ಟಾರ್ಚ್. ಕಲ್ಲಿದ್ದಲು ಹುಡುಕಿಕೊಂಡು ಗುಹೆಗೆ ಇಳಿಯುವ ಅವಸರವೇ ಮೊದಲ ದಿನದ ಸಾವಿಗೆ ದೊಡ್ಡ ಕಾರಣ, ಮತ್ತು ಅದರ ಅಗತ್ಯವೇ ಇಲ್ಲ. ಹಾಸಿಗೆಗೆ ಒಂದೇ ಬಣ್ಣದ ಮೂರು ಉಣ್ಣೆ ಬೇಕು. ಬಿಳಿ ಎರಡು, ಕಪ್ಪು ಒಂದು ಹಿಡಿದು ನಿಂತರೆ ಆ ರಾತ್ರಿ ನಿದ್ದೆಯಿಲ್ಲ.

ಇನ್ನು ಬೆಳಕು. ಈ ಲೆಕ್ಕ ಗೊತ್ತಾದ ದಿನ ರಾತ್ರಿಯ ಭಯ ಮುಗಿಯುತ್ತದೆ. ಟಾರ್ಚ್ ಇರುವ ಬ್ಲಾಕಿನಲ್ಲಿ ಬೆಳಕು 14. ಅಲ್ಲಿಂದ ಒಂದೊಂದು ಹೆಜ್ಜೆಗೆ ಒಂದೊಂದು ಕಡಿಮೆ. ಹೆಜ್ಜೆ ಎಣಿಸುವುದು ಓರೆಯಾಗಿ ಅಲ್ಲ, ಅಡ್ಡ ಮತ್ತು ಉದ್ದ ಬೇರೆಬೇರೆ ಎಣಿಸಿ ಕೂಡಿಸಬೇಕು. 1.18ರಿಂದ ಈಚೆಗೆ ಮಾಬ್ ಹುಟ್ಟುವುದು ಟಾರ್ಚ್‌ನಂಥ ಬೆಳಕು ಪೂರ್ತಿ ಸೊನ್ನೆ ಇರುವಲ್ಲಿ ಮಾತ್ರ. ಚೌಕಾಕಾರದಲ್ಲಿ 13 ಬ್ಲಾಕಿಗೊಂದು ಟಾರ್ಚ್ ಇಟ್ಟರೆ ಎಲ್ಲಕ್ಕಿಂತ ದೂರದ ಬ್ಲಾಕ್ ಹತ್ತಿರದ ಟಾರ್ಚ್‌ನಿಂದ 6 ಅಡ್ಡ, 6 ಉದ್ದ, ಅಂದರೆ 12 ಹೆಜ್ಜೆ. ಅಲ್ಲಿ ಬೆಳಕು 2 ಉಳಿಯುತ್ತದೆ. 14ಕ್ಕೊಂದು ಇಟ್ಟರೆ ನಟ್ಟನಡುವೆ ಸರಿಯಾಗಿ ಸೊನ್ನೆ; ಆ ಒಂದೇ ಬ್ಲಾಕಿನಲ್ಲಿ ಕ್ರೀಪರ್ ಎನ್ನುವ ಸಿಡಿಯುವ ಮಾಬ್ ಹುಟ್ಟುತ್ತದೆ. ನೆಲ ಏರುತಗ್ಗು ಇರುವ ಕಡೆ ಎತ್ತರದ ಹೆಜ್ಜೆಯೂ ಸೇರುವುದರಿಂದ ನಾನು 12ಕ್ಕೆ ಇಳಿಸುತ್ತೇನೆ. ಹಳೆಯ ಮಾರ್ಗದರ್ಶಿಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ಟಾರ್ಚ್ ಹೇಳಿರುವುದಕ್ಕೆ ಕಾರಣವಿದೆ: ಆಗ ಬೆಳಕು 7 ಇದ್ದರೂ ಮಾಬ್ ಹುಟ್ಟುತ್ತಿತ್ತು. ಮನೆಯ ಚಾವಣಿ ಮರೆತುಹೋಗುವ ಜಾಗ. ಅದಕ್ಕೆ ಅರ್ಧ ಬ್ಲಾಕಿನ ಸ್ಲ್ಯಾಬನ್ನು ಕೆಳಪಾತಳಿಗೆ ಹಾಸಿದರೆ ಅದರ ಮೇಲೆ ಏನೂ ಹುಟ್ಟುವುದಿಲ್ಲ, ಟಾರ್ಚ್ ಕೂಡ ಬೇಡ.

ಗದ್ದೆಯ ಅಳತೆ 9ಕ್ಕೆ 9. ನಡುವೆ ಒಂದು ಬ್ಲಾಕ್ ನೀರು. ಅದು ನಾಲ್ಕೂ ಕಡೆಗೆ 4 ಬ್ಲಾಕ್‌ವರೆಗೆ ಮಣ್ಣನ್ನು ತೇವವಾಗಿಡುತ್ತದೆ. ಬಿತ್ತಲು 80 ಬ್ಲಾಕ್ ಸಿಗುತ್ತದೆ. ನೀರಿನ ಮೇಲೆ ಒಂದು ಸ್ಲ್ಯಾಬ್ ಮುಚ್ಚಿಬಿಡಿ, ಇಲ್ಲದಿದ್ದರೆ ಕೊಯ್ಲಿನ ನಡುವೆ ಕಾಲು ಅದರಲ್ಲೇ ಇಳಿಯುತ್ತದೆ. 80ಕ್ಕೂ ಗೋಧಿಯನ್ನೇ ಬಿತ್ತುವುದು ಎಲ್ಲರೂ ಮಾಡುವ ತಪ್ಪು. ಸುತ್ತಲೂ ಅದೇ ಪೈರು ಇದ್ದರೆ ಬೆಳವಣಿಗೆಯ ವೇಗ ಅರ್ಧಕ್ಕೆ ಇಳಿಯುತ್ತದೆ. ಒಂದು ಸಾಲು ಗೋಧಿ, ಒಂದು ಸಾಲು ಕ್ಯಾರೆಟ್ – ನಮ್ಮ ಹೊಲದ ಅಕ್ಕಡಿ ಸಾಲಿನ ಹಾಗೆ – ಹಾಕಿದರೆ ಅದೇ ಜಾಗ ಬೇಗ ಫಸಲು ಕೊಡುತ್ತದೆ. ಉತ್ತ ಮಣ್ಣಿನ ಮೇಲೆ ಜಿಗಿದರೆ ಅದು ಮತ್ತೆ ಬರೀ ಮಣ್ಣಾಗಿ ಪೈರು ಕಿತ್ತುಬರುತ್ತದೆ; ಆದ್ದರಿಂದ ಸುತ್ತ ಬೇಲಿ, ಬೇಲಿಗೆ ಗೇಟು. ಹೊಟ್ಟೆಯ ಅಂಕ 20ರಲ್ಲಿ 18ಕ್ಕಿಂತ ಕೆಳಗಿಳಿದರೆ ಗಾಯ ತಾನಾಗಿ ಮಾಯುವುದಿಲ್ಲ, 6ಕ್ಕೆ ಇಳಿದರೆ ಓಡಲೂ ಆಗುವುದಿಲ್ಲ. ಮೂರು ಗೋಧಿಗೆ ಒಂದು ಬ್ರೆಡ್, ಒಂದು ಬ್ರೆಡ್‌ಗೆ 5 ಅಂಕ. ಗಣಿಗೆ ಇಳಿಯುವಾಗ 16 ಬ್ರೆಡ್ ನನ್ನ ಬುತ್ತಿ.

ಗಣಿಯ ಬಗ್ಗೆ ಚುಟುಕಾಗಿ. ವೈ ಅಂದರೆ ಎತ್ತರದ ಅಂಕಿ; ಕಬ್ಬಿಣಕ್ಕೆ ವೈ 16, ವಜ್ರಕ್ಕೆ ವೈ −59. ಒಡೆಯಲಾಗದ ತಳದ ಕಲ್ಲು ಬೆಡ್‌ರಾಕ್ −64ರಿಂದ −60ರವರೆಗೆ ಹರಡಿರುತ್ತದೆ; ಅದು ಕಾಲಿಗೆ ಅಡ್ಡ ಬರದ ಅತಿ ಕೆಳಗಿನ ಮಟ್ಟ −59. ಎರಡು ಬ್ಲಾಕ್ ಎತ್ತರದ ಸುರಂಗ ತೋಡಿ, ಅದರಿಂದ ಪಕ್ಕಕ್ಕೆ ಕವಲು ತೆಗೆಯಿರಿ. ಎರಡು ಕವಲುಗಳ ನಡುವೆ ಎರಡು ಬ್ಲಾಕ್ ಕಲ್ಲು ಬಿಟ್ಟರೆ ಏನೂ ಕಣ್ತಪ್ಪುವುದಿಲ್ಲ. ಗಾಳಿಗೆ ತೆರೆದುಕೊಂಡ ಜಾಗದಲ್ಲಿ ವಜ್ರ ಕಡಿಮೆ ಬರುವಂತೆ ಆಟವೇ ರೂಪಿಸಿರುವುದರಿಂದ ಗುಹೆ ಸುತ್ತುವುದಕ್ಕಿಂತ ಸುರಂಗವೇ ಲಾಭ. ಕಬ್ಬಿಣದ ಪಿಕಾಸಿ 250 ಬ್ಲಾಕ್ ತಾಳುತ್ತದೆ, ಅಂದರೆ 125 ಬ್ಲಾಕ್ ಉದ್ದದ ಸುರಂಗ. ಎರಡು ಹೆಚ್ಚುವರಿ ಪಿಕಾಸಿ ಇಲ್ಲದೆ ಇಳಿಯಬೇಡಿ. −55 ಮತ್ತು ಅದಕ್ಕಿಂತ ಕೆಳಗಿನ ಗುಹೆಗಳಲ್ಲಿ ಲಾವಾ ತುಂಬಿರುತ್ತದೆ. ನೀರಿನ ಬಕೆಟ್ ಸದಾ ಕೈಗೆ ಸಿಗುವ ಸಾಲಿನಲ್ಲಿರಲಿ.

ಸತ್ತರೆ ಗಾಬರಿಯಾಗಬೇಡಿ. ಬಿದ್ದ ಸಾಮಾನು 5 ನಿಮಿಷಕ್ಕೆ ಮಾಯವಾಗುತ್ತದೆ ಎನ್ನುವುದು ನಿಜ, ಆದರೆ ಆ ಗಡಿಯಾರ ಓಡುವುದು ಆ ಜಾಗ ಲೋಡ್ ಆಗಿರುವಾಗ ಮಾತ್ರ. ಸಾವಿರ ಬ್ಲಾಕ್ ದೂರದಲ್ಲಿ ಸತ್ತು ಮನೆಯ ಹಾಸಿಗೆಯಲ್ಲಿ ಎದ್ದರೆ ಆ ಗಡಿಯಾರ ನಿಂತಿರುತ್ತದೆ. ಊಟ ಮಾಡಿ, ಪಿಕಾಸಿ ಮಾಡಿಕೊಂಡು, ನಿಧಾನಕ್ಕೆ ಹೊರಡಬಹುದು. ಎಲ್ಲಿ ಸತ್ತದ್ದೆಂದು ಗೊತ್ತಿರಬೇಕು ಅಷ್ಟೆ. ಇದಕ್ಕಾಗಿ ಗಣಿಗೆ ಇಳಿಯುವ ಮುನ್ನ ಎಫ್3 ಒತ್ತಿ ಜಾಗ ತಿಳಿಸುವ ಮೂರೂ ಅಂಕಿಗಳನ್ನು (ಎಕ್ಸ್, ವೈ, ಜೆಡ್) ಕಾಗದದ ಮೇಲೆ ಬರೆದಿಡುತ್ತೇನೆ.

ಈಗ ಗೋಪುರ. ಕತ್ತಲೆಯ ಕೋಣೆಯಲ್ಲಿ ಮಾಬ್ ಹುಟ್ಟಿಸಿ, ನೀರಿನಲ್ಲಿ ತಳ್ಳಿ, ಎತ್ತರದಿಂದ ಬೀಳಿಸಿ, ಮೂಳೆ, ಬಾಣ, ಗನ್‌ಪೌಡರ್ ಕೂಡಿಸುವ ಯಂತ್ರ. ಮೊದಲ ರಾತ್ರಿ ನಿಮ್ಮನ್ನು ಅಟ್ಟಿಸಿಕೊಂಡು ಬಂದ ನಿಯಮವನ್ನೇ ಇಲ್ಲಿ ಕೂಲಿಗೆ ಹಚ್ಚುತ್ತೀರಿ. ಈ ಆಟದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಕೆಲಸ ಬೇರೆಯಿಲ್ಲ.

ನಡುವೆ 2ಕ್ಕೆ 2ರ ಬಾವಿ. ಅದರ ನಾಲ್ಕು ದಿಕ್ಕಿಗೆ 2 ಅಗಲ, 8 ಉದ್ದದ ನಾಲ್ಕು ಕಾಲುವೆ. ಉದ್ದ 8 ಯಾಕೆಂದರೆ ನೀರಿನ ಸೆಲೆಯಿಂದ ಹರಿವು 7 ಬ್ಲಾಕ್ ಮಾತ್ರ ಹೋಗುತ್ತದೆ. ತುದಿಯಲ್ಲಿ ಎರಡು ಬಕೆಟ್ ಸುರಿದರೆ ನೀರು ಬಾವಿಯ ಅಂಚಿಗೆ ಬಂದು ನಿಲ್ಲುತ್ತದೆ, ಬಾವಿಗೆ ಬೀಳುವುದಿಲ್ಲ. 9 ಮಾಡಿದರೆ ಕೊನೆಯ ಬ್ಲಾಕ್ ಒಣಗಿ ಮಾಬ್ ಅಲ್ಲೇ ನಿಲ್ಲುತ್ತದೆ. 7 ಮಾಡಿದರೆ ನೀರು ಬಾವಿಯೊಳಗೆ ಇಳಿದು ಬೀಳುವ ಮಾಬ್‌ಗೆ ಪೆಟ್ಟಾಗದಂತೆ ಕಾಯುತ್ತದೆ. ಕಾಲುವೆಗಳ ನಡುವಿನ ನಾಲ್ಕು ಮೂಲೆಗಳಲ್ಲಿ 8ಕ್ಕೆ 8ರ ನಾಲ್ಕು ಜಗುಲಿಗಳು, ಕಾಲುವೆಯ ತಳಕ್ಕಿಂತ ಎರಡು ಬ್ಲಾಕ್ ಮೇಲೆ. ಜಗುಲಿಯ ಮೇಲೆ ಎರಡು ಬ್ಲಾಕ್ ಎತ್ತರ ಬಿಟ್ಟು ಚಾವಣಿ. ಬಾವಿಯ ಗೋಡೆಯೂ ಸೇರಿ ಒಟ್ಟು ಸುಮಾರು 1,040 ಬ್ಲಾಕ್. 18 ಸ್ಟ್ಯಾಕ್ (ಒಂದಕ್ಕೆ 64) ಕಲ್ಲು ಹೊತ್ತುಕೊಂಡು ಹೋದರೆ ಕೊರತೆ ಬೀಳುವುದಿಲ್ಲ.

ಬೀಳುವ ಎತ್ತರ ಸರಿಯಾಗಿ 22. ಬಿದ್ದ ಬ್ಲಾಕ್‌ಗಳಿಂದ 3 ಕಳೆದರೆ ಆಗುವ ಪೆಟ್ಟು ಸಿಗುತ್ತದೆ. ಝಾಂಬಿ, ಅಸ್ಥಿಪಂಜರ, ಕ್ರೀಪರ್ ಮೂರಕ್ಕೂ ಜೀವ 20. 22ರಿಂದ ಬಿದ್ದರೆ 19 ಹೋಗಿ 1 ಉಳಿಯುತ್ತದೆ; ಒಂದೇ ಏಟಿಗೆ ಸಾಯುತ್ತದೆ, ಅನುಭವದ ಅಂಕವೂ ನಿಮಗೆ ಬರುತ್ತದೆ. 23 ಮಾಡಿದರೆ ಬಿದ್ದೇ ಸಾಯುತ್ತವೆ: ಸಾಮಾನು ಸಿಗುತ್ತದೆ, ಅಂಕ ಸಿಗುವುದಿಲ್ಲ. ಕೆಳಗೆ ಬಿದ್ದ ಸಾಮಾನನ್ನು ಹೀರಿ ಸಾಗಿಸುವ ನಾಲ್ಕು ಹಾಪರ್, ಅವು ಪೆಟ್ಟಿಗೆಗೆ. ಹೊಡೆಯಲು ಬಿಡುವ ಕಿಂಡಿ ಅರ್ಧ ಬ್ಲಾಕ್ ಮಾತ್ರ ಇರಲಿ. ಒಂದು ಬ್ಲಾಕ್ ಬಿಟ್ಟರೆ ಮರಿ ಝಾಂಬಿ ನುಸುಳಿ ಬರುತ್ತದೆ. ಕಿಂಡಿಯ ಮುಂದೆಯೇ ಕಾಯುತ್ತ ನಿಲ್ಲಬೇಡಿ. ಮೂರು ಬ್ಲಾಕ್ ಒಳಗೆ ಬಂದರೆ ಕ್ರೀಪರ್ ಬುಸುಗುಟ್ಟಲು ಶುರುಮಾಡುತ್ತದೆ, ಒಂದೂವರೆ ಸೆಕೆಂಡಿಗೆ ಸಿಡಿಯುತ್ತದೆ.

ಕಟ್ಟಿ ಮುಗಿಸಿದ ಮೇಲೆ ಮಾಬ್ ಬರುತ್ತಿಲ್ಲ ಎನ್ನುವ ದೂರು ಸಾಮಾನ್ಯ. ಕಾರಣಗಳು ಹೆಚ್ಚಿಲ್ಲ. ಒಂದು, ಮಾಬ್‌ಗಳು ತಾವಾಗಿ ನೀರಿಗೆ ಇಳಿಯಲು ಹಿಂಜರಿಯುತ್ತವೆ. ಜಗುಲಿಯ ಅಂಚಿಗೆ ಟ್ರ್ಯಾಪ್‌ಡೋರ್ ಹಚ್ಚಿ ತೆರೆದಿಡಿ; ತೆರೆದ ಟ್ರ್ಯಾಪ್‌ಡೋರನ್ನು ಅವು ನೆಲ ಎಂದೇ ಎಣಿಸಿ ಕಾಲಿಟ್ಟು ಬೀಳುತ್ತವೆ. ಇನ್ನೊಂದು ಕಾರಣ ಜೇಡ. ಅದು ಗೋಡೆ ಹಿಡಿದು ಹತ್ತುತ್ತದೆ, ಬಾವಿಯಲ್ಲಿ ಅಂಟಿಕೊಂಡು ಉಳಿದವುಗಳಿಗೂ ದಾರಿ ಕಟ್ಟುತ್ತದೆ. ಜೇಡ ಹುಟ್ಟದಂತೆ ಮಾಡುವುದು ಸುಲಭ. ಅದರ ಅಗಲ 1.4 ಬ್ಲಾಕ್, ಹುಟ್ಟಲು ಸುತ್ತಲಿನ ಬ್ಲಾಕ್‌ಗಳೂ ಖಾಲಿ ಇರಬೇಕು. ಪ್ರತಿ ಜಗುಲಿಯಲ್ಲಿ ಹೊರಗೋಡೆಗಳಿಂದ ಎಣಿಸಿ 2, 5, 8ನೆಯ ಸಾಲುಗಳು ಕೂಡುವ ಒಂಬತ್ತು ಬ್ಲಾಕ್‌ಗಳ ಮೇಲೆ ಒಂದೊಂದು ಕಾರ್ಪೆಟ್ ಹಾಸಿದರೆ 3ಕ್ಕೆ 3ರ ಖಾಲಿ ಜಾಗ ಎಲ್ಲೂ ಉಳಿಯುವುದಿಲ್ಲ. ನಾಲ್ಕು ಜಗುಲಿಗೆ 36 ಕಾರ್ಪೆಟ್. ಎರಡು ಉಣ್ಣೆಗೆ ಮೂರು ಕಾರ್ಪೆಟ್ ಆಗುವುದರಿಂದ 24 ಉಣ್ಣೆ ಸಾಕು. ಝಾಂಬಿ ಕ್ರೀಪರ್‌ಗಳಿಗೆ ಇದರಿಂದ ಅಡ್ಡಿಯಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಜಾಗದ್ದು. ಒಬ್ಬನೇ ಆಡುವಾಗ ಒಂದು ಹೊತ್ತಿಗೆ ಇರಬಹುದಾದ ಶತ್ರು ಮಾಬ್‌ಗಳ ಮಿತಿ ಸುಮಾರು 70. ನಿಮ್ಮಿಂದ 24 ಬ್ಲಾಕ್ ಆಚೆ, 128 ಬ್ಲಾಕ್ ಒಳಗೆ ಅವು ಹುಟ್ಟುತ್ತವೆ. ಮನೆಯ ಹಿತ್ತಿಲಲ್ಲಿ ಗೋಪುರ ಕಟ್ಟಿದರೆ ಆ 70ರಲ್ಲಿ ಬಹುಪಾಲು ಕೆಳಗಿನ ಕತ್ತಲೆಯ ಗುಹೆಗಳಲ್ಲೇ ಹುಟ್ಟಿ ಮುಗಿಯುತ್ತದೆ. ಅದಕ್ಕೇ ಸಮುದ್ರ. ನೀರಿನ ಮೇಲೆ, ನೀವು ನಿಲ್ಲುವ ನೆಲ ವೈ 190ಕ್ಕೆ ಬರುವಂತೆ ಕಟ್ಟಿ. 190ರಿಂದ 128 ಕಳೆದರೆ 62, ಅದು ಸಮುದ್ರದ ನೀರಿನ ಮಟ್ಟ. ಅದರ ಕೆಳಗಿನ ಗುಹೆಗಳೆಲ್ಲ ಲೆಕ್ಕದಿಂದ ಹೊರಗೆ. ಎತ್ತರಕ್ಕೂ ಒಂದು ದಂಡವಿದೆ: ಮಾಬ್ ಹುಟ್ಟಿಸಲು ಆಟವು ವರ್ಲ್ಡಿನ ತಳದಿಂದ ಆ ಜಾಗದ ಅತಿ ಮೇಲಿನ ಬ್ಲಾಕ್‌ವರೆಗೆ ಯಾವುದೋ ಒಂದು ಎತ್ತರವನ್ನು ಆರಿಸುತ್ತದೆ, ಆದ್ದರಿಂದ ಎತ್ತರ ಹೆಚ್ಚಿದಷ್ಟೂ ಜಗುಲಿಗೆ ಸರದಿ ಬರುವುದು ಕಡಿಮೆ. ಸುತ್ತಲಿನ ಗುಹೆಗಳಿಗೆಲ್ಲ ಟಾರ್ಚ್ ಹಚ್ಚುವ ತಾಳ್ಮೆ ಇದ್ದರೆ ತಗ್ಗಿನಲ್ಲೇ ಕಟ್ಟಬಹುದು, ಅದು ಇನ್ನೂ ವೇಗ. ನನಗೆ ಎತ್ತರವೇ ಸರಿ. ಚಾವಣಿಯ ಮೇಲೆ ಮಾಬ್ ಹುಟ್ಟದಿರಲು ನಾಲ್ಕೇ ಟಾರ್ಚ್ ಸಾಕು: ಎರಡೂ ಅಂಚಿನಿಂದ 5ನೆಯ ಮತ್ತು 14ನೆಯ ಬ್ಲಾಕ್ ಕೂಡುವಲ್ಲಿ.

ಮೇಲೇರಲು ನೀರಿನ ಲಿಫ್ಟ್ ಮಾಡುತ್ತೇನೆ. ಒಂದು ಬ್ಲಾಕ್ ಅಗಲದ ಕೊಳವೆ ಕಟ್ಟಿ, ಮೇಲಿನಿಂದ ಒಂದು ಬಕೆಟ್ ನೀರು ಸುರಿದು, ತಳದಿಂದ ಮೇಲಕ್ಕೆ ಕೆಲ್ಪ್ (ಕಡಲ ಸಸ್ಯ) ನೆಡುತ್ತ ಬಂದರೆ ಹರಿಯುವ ನೀರೆಲ್ಲ ಸೆಲೆ ನೀರಾಗುತ್ತದೆ. ಆಮೇಲೆ ಕೆಲ್ಪ್ ಕಿತ್ತು ತಳದಲ್ಲಿ ಸೋಲ್ ಸ್ಯಾಂಡ್ ಇಟ್ಟರೆ ಗುಳ್ಳೆಗಳು ನಿಮ್ಮನ್ನು ಮೇಲಕ್ಕೆ ಎತ್ತುತ್ತವೆ. ನಡುವೆ ಒಂದು ಬ್ಲಾಕಿನಲ್ಲಿ ಕೆಲ್ಪ್ ನೆಡಲು ಮರೆತರೂ ಗುಳ್ಳೆ ಅಲ್ಲಿಗೇ ನಿಲ್ಲುತ್ತದೆ. ಇಳಿಯಲು ಏನೂ ಬೇಡ, ಸಮುದ್ರಕ್ಕೆ ಹಾರಿದರಾಯಿತು.

ಸೋಲ್ ಸ್ಯಾಂಡ್ ಎನ್ನುವ ಮರಳು ಸಿಗುವುದು ನೆದರ್‌ನಲ್ಲಿ, ಅಂದರೆ ಪೋರ್ಟಲ್ ಎನ್ನುವ ಬಾಗಿಲಿನ ಮೂಲಕ ಹೋಗುವ ಬೇರೆ ಲೋಕದಲ್ಲಿ. ಮೂಲೆ ಬಿಟ್ಟು ಕಟ್ಟಿದರೆ ಪೋರ್ಟಲ್‌ಗೆ 10 ಅಬ್ಸಿಡಿಯನ್ ಕಲ್ಲು ಸಾಕು. ನೆದರ್‌ನ ಒಂದು ಬ್ಲಾಕ್ ಇಲ್ಲಿನ ಎಂಟಕ್ಕೆ ಸಮ. ಮನೆ ಎಕ್ಸ್ 240, ಜೆಡ್ −400ರಲ್ಲಿದ್ದರೆ ಅಲ್ಲಿನ ಪೋರ್ಟಲ್ 30, −50ರಲ್ಲಿರಬೇಕು. ತಾನಾಗಿ ಹುಟ್ಟಿದ ಪೋರ್ಟಲನ್ನು ಒಡೆದು ಸರಿಯಾದ ಅಂಕಿಯಲ್ಲಿ ಮತ್ತೆ ಕಟ್ಟಿದರೆ ಮುಂದೆ ಎರಡು ಮೂರು ಪೋರ್ಟಲ್ ಆದಾಗ ಒಂದಕ್ಕೊಂದು ಗಂಟು ಬೀಳುವುದಿಲ್ಲ. ದಾರಿಗೆ ಕಾಬಲ್‌ಸ್ಟೋನ್ ಗೋಡೆ ಕಟ್ಟಿ. ಅಲ್ಲಿ ಹಾರಾಡುವ ಮಾಬ್ ಘಾಸ್ಟ್ ಉಗುಳುವ ಬೆಂಕಿಯುಂಡೆ ಅದನ್ನು ಒಡೆಯಲಾರದು. ಹಾಸಿಗೆ ಮಾತ್ರ ಅಲ್ಲಿ ಹಾಸಬೇಡಿ, ಮಲಗಲು ಹೋದರೆ ಸಿಡಿಯುತ್ತದೆ.

ಗೋಪುರ ನಡೆಯತೊಡಗಿದರೆ ಪೆಟ್ಟಿಗೆಗಳು ಉಕ್ಕುತ್ತವೆ, ವಿಂಗಡಿಸುವ ಕೆಲಸ ಹುಟ್ಟುತ್ತದೆ. ಹಾಪರ್ ಎಷ್ಟು ತುಂಬಿದೆ ಎಂದು ಅಳೆದು ಸಂಕೇತ ಕೊಡುವ ಕಂಪ್ಯಾರೇಟರ್ ಅದಕ್ಕೆ ಬೇಕು; ಕಂಪ್ಯಾರೇಟರ್‌ಗೆ ಕ್ವಾರ್ಟ್ಜ್, ಅದೂ ನೆದರ್‌ನದ್ದೇ. ಸಾಮಾನು ಸಾಗುವ ಹಾಪರ್ ಸಾಲಿನ ಕೆಳಗೆ ಒಂದು ಸೋಸುವ ಹಾಪರ್, ಅದರ ಮೂತಿ ಕೆಳಕ್ಕಲ್ಲ, ಪಕ್ಕಕ್ಕೆ ಕಂಪ್ಯಾರೇಟರ್ ಕಡೆಗೆ. ಅದರ ಕೆಳಗೆ ಪೆಟ್ಟಿಗೆಗೆ ಒಯ್ಯುವ ಇನ್ನೊಂದು ಹಾಪರ್. ಇದನ್ನು ರೆಡ್‌ಸ್ಟೋನ್ ಟಾರ್ಚ್ ಬೀಗ ಹಾಕಿ ಹಿಡಿದಿರುತ್ತದೆ. ಸೋಸುವ ಹಾಪರ್‌ನ ಐದು ಖಾನೆಗಳಲ್ಲಿ ಮೊದಲನೆಯದಕ್ಕೆ ಬೇಕಾದ ವಸ್ತು 41, ಉಳಿದ ನಾಲ್ಕಕ್ಕೆ ಆ್ಯನ್‌ವಿಲ್‌ನಲ್ಲಿ ಹೆಸರು ಬದಲಿಸಿದ, 64ರವರೆಗೆ ಪೇರಿಸಬಹುದಾದ ಯಾವುದಾದರೂ ವಸ್ತು ಒಂದೊಂದು. ಒಟ್ಟು 45 ಇರುವಾಗ ಕಂಪ್ಯಾರೇಟರ್‌ನ ಸಂಕೇತ 2. ಒಂದು ಹೆಚ್ಚಿ 46 ಆದ ಕೂಡಲೇ 3. ಆ ಮೂರನೆಯ ಅಂಕ ಸಂಕೇತ ದಾಟಿಸುವ ರಿಪೀಟರ್ ಮುಟ್ಟಿ ಟಾರ್ಚ್ ಆರಿಸುತ್ತದೆ, ಕೆಳಗಿನ ಹಾಪರ್ ಒಂದನ್ನು ಎಳೆದುಕೊಳ್ಳುತ್ತದೆ, ಮತ್ತೆ 45, ಮತ್ತೆ ಬೀಗ. ಪೆಟ್ಟಿಗೆ ತುಂಬಿ ಮೊದಲ ಖಾನೆ 64ಕ್ಕೆ ಏರಿದರೂ ಸಂಕೇತ 3 ದಾಟುವುದಿಲ್ಲ, ಪಕ್ಕದ ಸಾಲಿಗೆ ಸೋರುವುದಿಲ್ಲ. ಕಾವಲಿನ ನಾಲ್ಕು ವಸ್ತುಗಳಲ್ಲಿ ಒಂದರ ಬದಲು ಕೆಲವು ಹೆಚ್ಚು ಇಟ್ಟರೆ ಈ ಲೆಕ್ಕ ಕೆಡುತ್ತದೆ. ಕತ್ತಿ, ಬಿಲ್ಲುಗಳಂಥ ಒಂದರ ಮೇಲೊಂದು ಪೇರಿಸಲಾಗದವು ಇದರಲ್ಲಿ ಸೋಸಿ ಬರುವುದಿಲ್ಲ. ಅವು ಕೊನೆಯ ಪೆಟ್ಟಿಗೆಗೆ ಹೋಗಲಿ.

ಒಂದು ವಸ್ತುವಿಗೆ ಮೂರು ಹಾಪರ್, ಹಾಪರ್‌ಗೆ 5 ಕಬ್ಬಿಣ. 20 ವಸ್ತು ವಿಂಗಡಿಸಲು 300 ಕಬ್ಬಿಣ. ಎರಡನೆಯ ವಾರದಲ್ಲಿ ಗಣಿಯ ಕೆಲಸ ಮುಗಿಯಿತು ಎಂದುಕೊಂಡವರು ಈಗ ಮತ್ತೆ ವೈ 16ಕ್ಕೆ ಇಳಿಯಬೇಕು, ಈ ಸಲ ಏನು ಬೇಕು, ಎಷ್ಟು ಬೇಕು ಎಂದು ಗೊತ್ತಿದ್ದು.

ಮನೆ ಕಟ್ಟುವ ಬಗ್ಗೆ ನನ್ನ ಪಾಠ ಎರಡೇ. ಅಗಲ ಯಾವಾಗಲೂ ಬೆಸ ಸಂಖ್ಯೆ ಇರಲಿ, 7, 9 ಅಥವಾ 11. ಆಗ ಬಾಗಿಲು ನಡುವೆ ಕೂರುತ್ತದೆ, ಮಾಡಿನ ನೆತ್ತಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇನ್ನು ಗೋಡೆ ಚಪ್ಪಟೆಯಾಗಿ ಕಾಣುವುದಕ್ಕೆ ಬಣ್ಣ ಬದಲಿಸುವುದು ಮದ್ದಲ್ಲ. ಮೂಲೆಯ ಕಂಬಗಳನ್ನು ಒಂದು ಬ್ಲಾಕ್ ಹೊರಕ್ಕೆ, ಕಿಟಕಿಯನ್ನು ಒಂದು ಬ್ಲಾಕ್ ಒಳಕ್ಕೆ ತನ್ನಿ, ಸೂರನ್ನು ಒಂದು ಬ್ಲಾಕ್ ಚಾಚಿ. ನೆರಳು ಬೀಳತೊಡಗಿದರೆ ಬರೀ ಕಾಬಲ್‌ಸ್ಟೋನ್ ಕೂಡ ಚೆಂದ.

ಹಳೆಯ ವರ್ಲ್ಡಿಗೆ ಬೇಕಾದ ಆರೈಕೆ ಬೇರೆ. ಹೊಸ ಆವೃತ್ತಿ ಬಂದಾಗ ಅದರ ಹೊಸ ನೆಲ, ಹೊಸ ಮರ ಕಾಣುವುದು ನೀವು ಇನ್ನೂ ಕಾಲಿಡದ ಕಡೆ ಮಾತ್ರ. ಹಾಗಾಗಿ ಗೊತ್ತುಗುರಿಯಿಲ್ಲದೆ ನಾಲ್ಕೂ ದಿಕ್ಕಿಗೆ ಅಲೆಯುವುದಿಲ್ಲ. ಒಂದು ದಿಕ್ಕು ಆರಿಸಿ ಅತ್ತಲೇ ಹೋಗುತ್ತೇನೆ, ಉಳಿದ ಮೂರು ಮುಂದಿನ ವರ್ಷಗಳಿಗೆ. ಆವೃತ್ತಿ ಏರಿಸುವ ಮುನ್ನ ಸೇವ್ಸ್ ಫೋಲ್ಡರ್‌ನಲ್ಲಿರುವ ವರ್ಲ್ಡಿನ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಹಾಕುತ್ತೇನೆ. ಏರಿಸಿದ್ದನ್ನು ಸುರಕ್ಷಿತವಾಗಿ ಇಳಿಸಲಾಗುವುದಿಲ್ಲ.

ಗೋಪುರದಲ್ಲಿ ಈಗ ಗನ್‌ಪೌಡರ್ ರಾಶಿ ಬಿದ್ದಿರುತ್ತದೆ. ಒಂದು ಗನ್‌ಪೌಡರ್, ಒಂದು ಕಾಗದ ಸೇರಿದರೆ ಮೂರು ರಾಕೆಟ್. ಮೂರು ಕಬ್ಬಿಗೆ ಮೂರು ಕಾಗದ. ಕಬ್ಬು ನೀರಿಗೆ ತಾಗಿದ ಮರಳಿನಲ್ಲಿ ಮೂರು ಬ್ಲಾಕ್ ಎತ್ತರ ಬೆಳೆಯುತ್ತದೆ. ಮೂರನೆಯ ಬ್ಲಾಕಿನ ಎದುರು ಬದಲಾವಣೆ ಗಮನಿಸುವ ಅಬ್ಸರ್ವರ್, ಎರಡನೆಯದರ ಎದುರು ತಳ್ಳುವ ಪಿಸ್ಟನ್ ಇಟ್ಟರೆ ತಾನೇ ಬೆಳೆದು ತಾನೇ ಕತ್ತರಿಸಿ ಬೀಳುತ್ತದೆ. ಗೋಪುರ 100 ಬ್ಲಾಕ್ ಒಳಗೇ ಇರುವುದರಿಂದ ಮೇಲೆ ನಿಂತು ಮಾಬ್ ಹೊಡೆಯುವಷ್ಟು ಹೊತ್ತೂ ಕೆಳಗೆ ಕಬ್ಬು ಬೆಳೆಯುತ್ತಿರುತ್ತದೆ. 22 ಕಾಗದ, 22 ಗನ್‌ಪೌಡರ್ ಆದರೆ ಒಂದು ಸ್ಟ್ಯಾಕ್ ರಾಕೆಟ್ ತುಂಬಿ ಎರಡು ಮಿಗುತ್ತವೆ. ರಾಕೆಟ್ ಬಲದಿಂದ ನಾವು ಹಾರಲು ಇಲಿಟ್ರಾ ರೆಕ್ಕೆ ಬೇಕು, ಅದು ಇರುವುದು ಡ್ರ್ಯಾಗನ್ ಇರುವ ಎಂಡ್ ಲೋಕದ ಹೊರದ್ವೀಪಗಳ ಹಡಗುಗಳಲ್ಲಿ, ಅಲ್ಲಿಗೆ ದಾರಿ ತೆರೆಯುವುದು ಡ್ರ್ಯಾಗನ್ ಸತ್ತ ಮೇಲೆ. ನನ್ನ ಕೆಲಸದ ಪಟ್ಟಿಯಲ್ಲಿ ಡ್ರ್ಯಾಗನ್ ಬರುವುದು ಇಲ್ಲಿ, ಕಬ್ಬಿನ ಗದ್ದೆಯ ಮುಂದಿನ ಸಾಲಿನಲ್ಲಿ.